ಅಯೂಬ ಮಿಸ್ತ್ರಿಯ ಪಾಟಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಬರುವುದಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಮಾತೂ ಹಾಗೆಯೇ. ಹೇಳಬೇಕಾದದ್ದು ಒಂದಿದ್ದರೆ ಅದರ ಸುತ್ತ ನಾಲ್ಕು ಸಲ ತಿರುಗುತ್ತೇನೆ. ನಮ್ಮ ಓಣಿಯ ಗ್ರಂಥಾಲಯದ ವಂದನಾ ಮೇಡಂ ಸುತ್ತಮುತ್ತಲಿನ ಜನರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಓದಲು ಬರುವ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಬ್ಬ ಮನುಷ್ಯನ ಬಗ್ಗೆ ಬರೆದುಕೊಡಬೇಕು. ನಾನು ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು, ನನ್ನನ್ನು ಬಿಡಿ ಎಂದೆ. ಅವರು ಕೇಳಲಿಲ್ಲ. ಮೂರು ಸಲ ಬರೆದು ಹರಿದಿದ್ದೇನೆ, ಇದು ನಾಲ್ಕನೆಯದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಾನು ಬರೆಯುತ್ತಿರುವುದು ಹುನಗುಂದದ ಅಯೂಬ ಮಿಸ್ತ್ರಿಯವರ ಬಗ್ಗೆ. ಅವರಿಗೆ ಅರವತ್ತೆರಡು ವರ್ಷ. ಕಾರು, ಜೀಪು, ಟ್ರ್ಯಾಕ್ಟರು ರಿಪೇರಿ ಮಾಡುತ್ತಾರೆ. ಇಳಕಲ್ಲಿನಿಂದ ಹೋಗುವಾಗ ಊರು ಸೇರುವ ಮೊದಲೇ ಎಡಕ್ಕೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು. ಅದೇ ಅವರ ಗ್ಯಾರೇಜು. ಹೆಸರಿನ ಬೋರ್ಡಿಲ್ಲ. ಮರದ ಕಾಂಡಕ್ಕೆ ಹೊಡೆದ ಮೊಳೆಗೆ ಒಂದು ಪಾಟಿ ತೂಗಾಡುತ್ತಿರುತ್ತದೆ. ಶಾಲೆಯ ಮಕ್ಕಳು ಬರೆಯುವ ಕರಿ ಪಾಟಿ. ಅದರ ಕಟ್ಟಿಗೆಯ ಚೌಕಟ್ಟಿನ ಮೇಲೆ ಮೊಳೆಯಿಂದ ಕೊರೆದು 'ಫರಹಾನಾ' ಎಂದು ಬರೆದಿದೆ. ಅದು ಅವರ ಮಗಳ ಹೆಸರು. ಮಗಳ ಮದುವೆಯಾಗಿ ಎಷ್ಟೋ ವರ್ಷವಾಯಿತು, ಪಾಟಿ ಇಲ್ಲೇ ಉಳಿದಿದೆ. ಏಕೆಂದರೆ ಅಯೂಬ ಮಿಸ್ತ್ರಿಯವರಿಗೆ ಕಿವಿ ಕೇಳಿಸುವುದಿಲ್ಲ. ಹೇಳಬೇಕಾದದ್ದನ್ನು ಅದರ ಮೇಲೆ ಬರೆದು ತೋರಿಸಬೇಕು.

ಹುಟ್ಟಿನಿಂದ ಹಾಗಿರಲಿಲ್ಲ. ಹದಿನೈದನೆಯ ವಯಸ್ಸಿಗೆ ಅವರು ನಮ್ಮ ಇಳಕಲ್ಲಿನ ಕಡೆಯ ಕಲ್ಲಿನ ಕ್ವಾರಿಗೆ ಕೆಲಸಕ್ಕೆ ಬಂದರು. ಬಂಡೆಗೆ ತೂತು ಹಾಕುವ ಯಂತ್ರಕ್ಕೆ ಗಾಳಿ ಕೊಡುವ ದೊಡ್ಡ ಕಂಪ್ರೆಸರಿನ ಪಕ್ಕ ಇಪ್ಪತ್ತಮೂರು ವರ್ಷ ನಿಂತರು. ಅದಕ್ಕೆ ಎಣ್ಣೆ ಹಾಕುತ್ತ, ಒರೆಸುತ್ತ, ಕೆಟ್ಟಾಗ ಬಿಚ್ಚುತ್ತ ಎಂಜಿನ್ ಕೆಲಸ ಕಲಿತರು. ಕಲಿತ ಹಾಗೆಯೇ ಕಿವಿ ಹೋಯಿತು. ಮೊದಲು ಗೊತ್ತಾದದ್ದು ಅವರ ಹೆಂಡತಿ ಅಬೇದಾ ಅವರಿಗೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಹಿತ್ತಲಿನಿಂದ ಮೂರು ಸಲ ಕೂಗಿದರೂ ಪಕ್ಕದಲ್ಲೇ ಕುಳಿತಿದ್ದ ಗಂಡ ಏಳಲಿಲ್ಲವಂತೆ. ಸೊಕ್ಕು ಬಂದಿದೆ ಎಂದು ಅಬೇದಾ ಒಂದು ವಾರ ಮಾತು ಬಿಟ್ಟರಂತೆ. ಮಾತು ಬಿಟ್ಟದ್ದೂ ಗಂಡನಿಗೆ ತಿಳಿಯಲಿಲ್ಲ ಎಂದು ಅಬೇದಾ ಈಗ ಹೇಳಿ ನಗುತ್ತಾರೆ.

ಕ್ವಾರಿಯ ಕೆಲಸ ಬಿಟ್ಟು ಹುನಗುಂದದಲ್ಲಿ ಶೆಡ್ಡು ಹಾಕಿದಾಗ ಮೊದಲ ವರ್ಷ ಹೆಚ್ಚು ಜನ ಗಾಡಿ ತರಲಿಲ್ಲ. ಎಂಜಿನ್ನಿನ ಸದ್ದು ಕೇಳದವನು ಎಂಜಿನ್ ಹೇಗೆ ರಿಪೇರಿ ಮಾಡುತ್ತಾನೆ ಎಂದು ಜನ ಆಡಿಕೊಂಡರು. ನನ್ನ ಅಪ್ಪನೂ ಹಾಗೆಯೇ ಅಂದವನು. ಅದನ್ನು ಮುಚ್ಚಿಟ್ಟರೆ ಸುಳ್ಳು ಬರೆದ ಹಾಗಾಗುತ್ತದೆ.

ನಮ್ಮ ಮನೆಯ ವಿಷಯವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಹೆಸರು ಕಸ್ತೂರಿ. ಇಳಕಲ್ಲಿನಲ್ಲಿ ಅವ್ವ ಶಾರವ್ವ ಮಗ್ಗದ ಮೇಲೆ ಸೀರೆ ನೇಯುತ್ತಾಳೆ, ನಾನು ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ. ಅಪ್ಪ ಪಾಂಡಪ್ಪನ ಹತ್ತಿರ ಒಂದು ಹಳೆಯ ಬಿಳಿ ಕಾರಿದೆ. ನನಗಿಂತ ಹತ್ತು ವರ್ಷ ದೊಡ್ಡದು. ಅದನ್ನು ಬಾಡಿಗೆಗೆ ಓಡಿಸುತ್ತಾನೆ. ಮಹಾಕೂಟಕ್ಕೋ ಐಹೊಳೆಗೋ ಹೋಗುವವರು ಈಗ ಹೊಸ ಕಾರು ಕೇಳುತ್ತಾರೆ. ಆದ್ದರಿಂದ ಅಪ್ಪನಿಗೆ ಉಳಿದ ಖಾಯಂ ಬಾಡಿಗೆ ಒಂದೇ, ಮಥುರಾಬಾಯಿ ಅಕ್ಕೋರದು. ಅವರು ನಿವೃತ್ತ ಶಿಕ್ಷಕಿ, ನನಗೆ ಎರಡನೆಯ ತರಗತಿಯಲ್ಲಿ ಕಲಿಸಿದವರು. ಅವರ ಕಿಡ್ನಿ ಕೆಲಸ ಮಾಡುತ್ತಿಲ್ಲ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಬೇಕು. ಕೈ ಹಿಡಿದು ಇಳಿಸಲು, ಹತ್ತಿಸಲು ನಾನು ಜೊತೆಗೆ ಹೋಗುತ್ತೇನೆ. ಶಾಲೆ ಬಿಟ್ಟ ಮೇಲೆ ನಾನು ಹೊರಗೆ ಹೋಗುವುದು ಅದೊಂದಕ್ಕೇ. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಅಕ್ಕೋರು ಕಾರಿನಲ್ಲಿ ನನ್ನನ್ನು ಮಾತನಾಡು ಎಂದು ಯಾವತ್ತೂ ಒತ್ತಾಯಿಸಲಿಲ್ಲ.

ದಸರೆಯಲ್ಲಿ ಮಾನವಮಿ ಹಬ್ಬದ ದಿನ ನಮ್ಮಲ್ಲಿ ಖಂಡೇ ಪೂಜೆ. ಯಾರು ಯಾವುದರಿಂದ ದುಡಿಯುತ್ತಾರೋ ಅದನ್ನು ತೊಳೆದು ಪೂಜಿಸುತ್ತೇವೆ. ಅವ್ವ ಮಗ್ಗ ಒರೆಸಿದಳು, ನಾನು ಕಾರು ತೊಳೆದೆ. ಒಂದು ಇಡೀ ಹಗಲು ತೊಳೆದೆ. ನಮ್ಮ ಓಣಿಯ ಹಿಂದೆ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆ ಇದೆ, ಅದರ ಬಿಳಿ ಧೂಳು ಕಾರಿನ ಸಂದಿ ಸಂದಿಗೂ ಇಳಿದಿರುತ್ತದೆ. ಬೆಂಕಿಕಡ್ಡಿಗೆ ಅರಿವೆ ಸುತ್ತಿ ಸಂದಿಗಳನ್ನೆಲ್ಲ ಒರೆಸಿದೆ. ಇಷ್ಟು ಚೊಕ್ಕ ಯಾವ ವರ್ಷವೂ ಆಗಿರಲಿಲ್ಲ ಎಂದು ಅಪ್ಪ ಹೇಳಿದಾಗ ನನಗೆ ಹೆಮ್ಮೆಯಾಯಿತು.

ಹಬ್ಬ ಮುಗಿದ ವಾರದಿಂದ ಕಾರು ನಿಲ್ಲತೊಡಗಿತು. ಚೆನ್ನಾಗಿ ಓಡುತ್ತಿದ್ದದ್ದು ನಡುರಸ್ತೆಯಲ್ಲಿ ನಡುಗಿ, ಎಳೆದಾಡಿ ಆರಿಹೋಗುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಒಂದು ನಿಮಿಷ ಓಡಿ ಮತ್ತೆ ನಿಲ್ಲುತ್ತಿತ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಇಳಕಲ್ಲಿನ ಇಬ್ಬರು ಮಿಸ್ತ್ರಿಗಳು ನೋಡಿದರು. ಒಬ್ಬರು ಪ್ಲಗ್ಗು ಬದಲಿಸಿ ಕಾರ್ಬುರೇಟರ್ ತೊಳೆದರು. ಇನ್ನೊಬ್ಬರು ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪನ್ನೇ ಹೊಸದು ಹಾಕಿದರು. ಎಂಜಿನ್ ಕಾದು ಹೀಗಾಗುತ್ತದೆ ಎಂದು ಒದ್ದೆ ಅರಿವೆ ಹಾಕಲು ಹೇಳಿದರು. ನಾವು ಬಾಟಲಿಯಲ್ಲಿ ನೀರು, ಅರಿವೆ ಇಟ್ಟುಕೊಂಡೇ ಓಡಾಡಿದೆವು. ಕಾರು ನಿಲ್ಲುವುದು ನಿಲ್ಲಲಿಲ್ಲ.

ಅಕ್ಕೋರು ಎರಡು ಸಲ ಆಸ್ಪತ್ರೆಗೆ ತಡವಾಗಿ ಮುಟ್ಟಿದರು. ತಡವಾದರೆ ಅವರ ಪಾಳಿಯ ಹೊತ್ತು ಕಡಿಮೆಯಾಗುತ್ತದೆ, ಮೈಯಲ್ಲಿ ನೀರು ಉಳಿಯುತ್ತದೆ, ರಾತ್ರಿ ಉಸಿರಾಡುವುದು ಕಷ್ಟ. ಅವರ ಮಗ ಗುರುರಾಜ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾರೆ. ಅಪ್ಪನಿಗೆ ಫೋನ್ ಮಾಡಿ, ಇನ್ನು ಮೂರು ವಾರ ನೋಡುತ್ತೇನೆ, ಮೂರನೆಯ ಗುರುವಾರ ನಾನೇ ಬಂದು ಕಾರಿನಲ್ಲಿ ಕೂಡುತ್ತೇನೆ, ಅವತ್ತು ನಿಂತರೆ ಬೇರೆ ಗಾಡಿ ಗೊತ್ತು ಮಾಡುತ್ತೇನೆ ಎಂದರು. ಅವರು ಹೇಳಿದ್ದು ನ್ಯಾಯವೇ. ಆ ಬಾಡಿಗೆ ಹೋದರೆ ಕಾರನ್ನು ಗುಜರಿಗೆ ಹಾಕುವುದೇ ಸೈ ಎಂದು ಅಪ್ಪ ಅವ್ವನಿಗೆ ಹೇಳುವುದು ನನಗೆ ಕೇಳಿಸಿತು.

ಮೊದಲನೆಯ ಗುರುವಾರ ಬೆಳಿಗ್ಗೆ ಹುನಗುಂದ ಇನ್ನೇನು ಬಂತು ಎನ್ನುವಾಗ ಕಾರು ನಿಂತಿತು. ಅಪ್ಪ ಬಾನೆಟ್ ಎತ್ತಿ ಒದ್ದೆ ಅರಿವೆ ಹಾಕುತ್ತಿದ್ದ. ಸೈಕಲ್ ಮೇಲೆ ಗ್ಯಾರೇಜಿಗೆ ಹೊರಟಿದ್ದ ಅಯೂಬ ಮಿಸ್ತ್ರಿ ಇಳಿದರು. ಮೊದಲು ಬಾಗಲಕೋಟೆಗೆ ಹೋಗುತ್ತಿದ್ದ ಬಸ್ಸಿಗೆ ಕೈ ಮಾಡಿ ಅಕ್ಕೋರನ್ನೂ ನನ್ನನ್ನೂ ಹತ್ತಿಸಿದರು. ಅಕ್ಕೋರ ಕೈಯಲ್ಲಿದ್ದ ಆಸ್ಪತ್ರೆಯ ಫೈಲು ನೋಡಿಯೇ ಅವರಿಗೆ ಗೊತ್ತಾಗಿತ್ತು. ಆ ದಿನ ಎಂಟಕ್ಕೆ ಸರಿಯಾಗಿ ಮುಟ್ಟಿದೆವು.

ಮಧ್ಯಾಹ್ನ ಮರಳಿ ಬಂದಾಗ ಕಾರು ಬೇವಿನ ಮರದ ಕೆಳಗಿತ್ತು. ಅಕ್ಕೋರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿದರು. ಅಪ್ಪ ಸಿಟ್ಟಿನಲ್ಲಿದ್ದ, ಏಕೆಂದರೆ ಮಿಸ್ತ್ರಿ ಅಲ್ಲಿಯವರೆಗೆ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಅಂಗೈ ಅದರ ಮೇಲೆ ಊರಿ, ಕಣ್ಣು ಮುಚ್ಚಿ ನಿಂತಿದ್ದರಂತೆ, ಅಷ್ಟೇ.

"ಪ್ಲಗ್ಗಿನ ಕರೆಂಟ್ ಹೋತಂದ್ರ ಗಾಡಿ ಒಮ್ಮಿಗೇ ನಿಲ್ತೈತಿ, ಕುತಿಗಿ ಹಿಚುಕಿದಂಗ," ಎಂದು ಅವರು ನಮಗೆ ಹೇಳಿದರು. ಅವರ ದನಿ ದೊಡ್ಡದು, ತಮ್ಮ ದನಿ ತಮಗೇ ಕೇಳಿಸುವುದಿಲ್ಲವಲ್ಲ. "ಇದು ಹಂಗ ನಿಲ್ಲವಲ್ದು. ನಡುಗಿ ನಡುಗಿ ನಿಲ್ಲಾಕತ್ತೈತಿ. ಇದಕ್ಕ ಉಣ್ಣಾಕ ಸಿಗವಲ್ದು. ಪೆಟ್ರೋಲ್ ಮುಟ್ಟವಲ್ದು. ಪಂಪ್ ಹೊಸಾದು, ಪೈಪ್ ಚೊಕ್ಕ. ಹಂಗಾರ ಯಾಕ ಮುಟ್ಟವಲ್ದು?"

ಪಾಟಿ ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅಪ್ಪನಿಗೆ ಬರೆಯುವುದು ನಿಧಾನ. ಹಾಗಾಗಿ ಅವರು ಕೇಳುವುದು, ಅಪ್ಪ ಹೇಳುವುದು, ನಾನು ಬರೆಯುವುದು ಎಂದಾಯಿತು. ಕಾರು ಕಡೆಯ ಸಲ ಯಾವಾಗ ಚೆನ್ನಾಗಿತ್ತು ಎಂದು ಕೇಳಿದರು. ಮಾನವಮಿವರೆಗೆ ಎಂದು ಬರೆದೆ. ಆಮೇಲೆ ಏನು ಬದಲಾಯಿಸಿದಿರಿ ಎಂದರು. ಅಪ್ಪ ಏನೂ ಇಲ್ಲ ಎಂದ. ನನ್ನ ಮುಖವನ್ನೂ ನೋಡಿದರು, ನಾನೂ ಇಲ್ಲವೆಂದು ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂದು ಅಲ್ಲ. ಹಬ್ಬಕ್ಕೆ ಚೊಕ್ಕ ಮಾಡಿದ್ದೆಲ್ಲ ಬದಲಾಯಿಸಿದ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಆಮೇಲೆ ಉಳಿದ ಪ್ರಶ್ನೆ ಕೇಳಿದರು. ನಿಲ್ಲುವುದು ತಂಪಿನಲ್ಲೋ ಬಿಸಿಲಿನಲ್ಲೋ, ಎಷ್ಟು ಕಿಲೋಮೀಟರ್ ಆದ ಮೇಲೆ, ಆಗ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಮತ್ತೆ ಹೊರಡಲು ಎಷ್ಟು ಹೊತ್ತು. ಅಪ್ಪ ಪ್ರತಿಯೊಂದಕ್ಕೂ "ಯಾವಾಗ ಬೇಕಾದಾಗ" ಎಂದ.

ಮಿಸ್ತ್ರಿ ಗೆರೆ ಹಾಕಿದ ಪುಟಗಳ ಒಂದು ಸಣ್ಣ ವಹಿ ತಂದು ನನಗೆ ಕೊಟ್ಟರು. ಮೂರು ಟ್ರಿಪ್ಪಿನಲ್ಲಿ ನಿಂತಾಗೊಮ್ಮೆ ಇವಷ್ಟನ್ನೂ ಬರೆದು ತರಬೇಕು, ಅಲ್ಲಿಯವರೆಗೆ ಯಾರಿಗೂ ಏನೂ ಬಿಚ್ಚಲು ಬಿಡಬಾರದು ಎಂದರು. ಅಪ್ಪ ಅವರಿಗೆ ಬೆನ್ನು ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಎದುರಿಗೇ ನನಗೆ ಹೇಳಿದ.

"ಬರದ್ರ ಗಾಡಿ ಓಡತೈತೇನ? ನಟ್ಟು ಬಿಚ್ಚೋ ಪಾನಾ ಹಿಡಿಯೋದು ಬಿಟ್ಟು ಪಾಟಿ ಹಿಡಕೊಂಡು ಕುಂತಾನ."

ಅವರು ತುಟಿ ನೋಡಿ ಓದಬಲ್ಲರು ಎಂದು ನಮಗೆ ಗೊತ್ತಿರಲಿಲ್ಲ. "ಪಾನಾ ಹಿಡದು ಇಬ್ಬರು ನೋಡ್ಯಾರಲ್ಲೋ ಪಾಂಡಪ್ಪ," ಎಂದು ನಕ್ಕರು. "ಏನ್ ಮಾಡಿದ್ರು? ಬಿಚ್ಚಾಕ ಹತ್ತು ನಿಮಿಷ ಸಾಕು. ಯಾಕ ಬಿಚ್ಚಬೇಕು ಅನ್ನೋದು ತಿಳಿಯಾಕ ಹೊತ್ತು ಹಿಡಿತೈತಿ."

ಅಪ್ಪ ತಲೆ ತಗ್ಗಿಸಿದ. ಕುರ್ಚಿಯಲ್ಲಿದ್ದ ಅಕ್ಕೋರಿಗೆ ಅಷ್ಟು ಸುಸ್ತಿನಲ್ಲೂ ನಗು ಬಂತು.

ನಾನು ಬರೆದೆ. ಜೀವಮಾನದಲ್ಲಿ ಯಾವ ಪರೀಕ್ಷೆಗೂ ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ. ಸೋಮವಾರ ಅಪ್ಪ ಟ್ಯಾಂಕು ತುಂಬಿಸಿ ಹೊರಟ. ನಸುಕಿನ ಚಳಿ ಇತ್ತು. ಒಂಬತ್ತು ಕಿಲೋಮೀಟರಿಗೆ ನಿಂತಿತು, ಮುಂದೆ ಇನ್ನೂ ಮೂರು ಸಲ ನಿಂತಿತು. ಹೊರಡುವ ಹೊತ್ತನ್ನು ಹಿಂದಕ್ಕೆ ಸರಿಸಿ ನಾಲ್ಕೂವರೆಗೇ ಬಿಟ್ಟಿದ್ದರಿಂದ ಹೇಗೋ ಮುಟ್ಟಿದೆವು. ಗುರುವಾರ ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಇತ್ತು. ಬಾಗಲಕೋಟೆಯವರೆಗೆ ಒಂದು ಸಲವೂ ನಿಲ್ಲಲಿಲ್ಲ. ಸರಿಹೋಯಿತು ಎಂದು ಅಪ್ಪ ಹಿಗ್ಗಿ, ಬರುವಾಗ ಅಲ್ಲಿಯೇ ಟ್ಯಾಂಕು ತುಂಬಿಸಿದ. ಶಿರೂರು ಮುಟ್ಟುವ ಮೊದಲೇ ನಿಂತಿತು. ಆಗ ಮಧ್ಯಾಹ್ನದ ಬಿಸಿಲು, ಹನ್ನೆರಡು ಕಿಲೋಮೀಟರ್. ಮುಂದಿನ ಸೋಮವಾರ ಅರ್ಧ ಟ್ಯಾಂಕು, ನಲವತ್ತೇಳು ಕಿಲೋಮೀಟರಿಗೆ ಒಂದೇ ಸಲ. ಅಪ್ಪ ಬಂಕಿನ ಪೆಟ್ರೋಲೇ ಕಲಬೆರಕೆ ಎಂದು ಬೈದ. ನನಗೂ ಏನೂ ಹೊಳೆಯಲಿಲ್ಲ, ಕಂಡದ್ದನ್ನು ಬರೆದೆ ಅಷ್ಟೇ.

ಮಂಗಳವಾರ ವಹಿ ತೆಗೆದುಕೊಂಡು ಹೋದೆವು. ಗುರುರಾಜ ಅವರು ಬರುವ ಗುರುವಾರಕ್ಕೆ ಒಂದೇ ದಿನ ಉಳಿದಿತ್ತು. ಮಿಸ್ತ್ರಿ ಕನ್ನಡಕ ಹಾಕಿಕೊಂಡು, ನನ್ನ ವಕ್ರ ಅಕ್ಷರಗಳ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಆಮೇಲೆ ಅಪ್ಪನ ಕಡೆ ನೋಡಿದರು.

"ಹಸದಾಗ ಓಡತೈತಿ, ಹೊಟ್ಟಿ ತುಂಬಿದಾಗ ನಿಲ್ತೈತಿ. ಬಿಸಲಾಗ ಹೆಚ್ಚು ಓಡತೈತಿ, ತಂಪಿನ್ಯಾಗ ಲಗೂನ ನಿಲ್ತೈತಿ. ಕಾದು ನಿಲ್ಲೋ ಗಾಡಿ ಹಿಂಗ ಮಾಡಂಗಿಲ್ಲ. ಇದರ ಕೇಡು ಬಾನೆಟ್ಟಿನ ಕೆಳಗಿಲ್ಲ."

ಟ್ಯಾಂಕು ಮೇಲಿನ ತನಕ ತುಂಬಿಸಿಕೊಂಡು ಬರಲು ಹೇಳಿದರು. ತಾವೂ ಕುಳಿತರು, ಅಮೀನಗಡದ ರಸ್ತೆಗೆ ಹೋದೆವು. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕಾರು ನಡುಗಿ ನಿಂತಿತು. ಅಪ್ಪ ಅಭ್ಯಾಸದಂತೆ ಬಾನೆಟ್ ಎತ್ತಲು ಇಳಿದ. ಮಿಸ್ತ್ರಿ ಹಿಂದಕ್ಕೆ ಹೋದರು. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳದ ಮೇಲೆ ಕೈ ಇಟ್ಟು, ನನ್ನನ್ನು ಹತ್ತಿರ ಕರೆದರು.

"ಯವ್ವಾ, ಕಿವಿ ಹಚ್ಚು. ನನಗ ಕೇಳಂಗಿಲ್ಲ, ನೀ ಕೇಳಿ ಹೇಳು."

ಅವರು ಕೀಲಿ ತಿರುಗಿಸಿ ಮುಚ್ಚಳ ಜಗ್ಗಿದರು. ಅದು ಒಳಗಿನಿಂದ ಯಾರೋ ಹಿಡಿದ ಹಾಗೆ ಬಿಗಿಯಾಗಿತ್ತು. ಆಮೇಲೆ ಬಿಟ್ಟುಕೊಂಡಿತು, ಸುಂಯ್ ಎಂದಿತು. ಬಗಲಿನಲ್ಲಿದ್ದ ಪಾಟಿಯನ್ನು ಅವರು ಚಾಚುವ ಮೊದಲೇ ನನ್ನ ಬಾಯಿಂದ ಮಾತು ಹೊರಬಿತ್ತು. ಗಾಳಿ ಒಳಗೆ ಹೋಯಿತು ಎಂದೆ. ಅವರು ತುಟಿ ನೋಡಿ ತಿಳಿದುಕೊಂಡರು. ಅಪ್ಪನಿಗೆ ಚಾಲೂ ಮಾಡಲು ಕೈ ಮಾಡಿದರು. ಕಾರು ಮೊದಲ ಸಲಕ್ಕೇ ಚಾಲೂ ಆಯಿತು. ನಿಲ್ಲಲಿಲ್ಲ. ನಾವು ಮೂವರೂ ರಸ್ತೆಯ ಬದಿ ನಿಂತು ಐದು ನಿಮಿಷ ಅದನ್ನೇ ನೋಡಿದೆವು.

ಅವರು ವಿವರಿಸಿ ಹೇಳಿದರು. ನೀರಿನ ಬಾಟಲಿಯನ್ನು ಬಾಯಿಗೆ ಬಿಗಿಯಾಗಿ ಹಚ್ಚಿ ಎಳೆದರೆ ಸ್ವಲ್ಪ ನೀರು ಬಂದು ಆಮೇಲೆ ಬರುವುದಿಲ್ಲ, ಬಾಟಲಿಯೇ ಒಳಕ್ಕೆ ಜಗ್ಗುತ್ತದೆ. ನೀರು ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಕಾರಿನ ಟ್ಯಾಂಕೂ ಹಾಗೆಯೇ. ಅದಕ್ಕೆಂದೇ ಈ ಮುಚ್ಚಳದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಟ್ಯಾಂಕು ಖಾಲಿ ಇದ್ದರೆ ಒಳಗೆ ಮೊದಲೇ ಗಾಳಿ ಬಹಳ ಇರುತ್ತದೆ, ದೂರ ಓಡುತ್ತದೆ. ತುಂಬಿದ್ದರೆ ಗಾಳಿಯೇ ಇಲ್ಲ, ಬೇಗ ನಿಲ್ಲುತ್ತದೆ. ಬಿಸಿಲಿದ್ದರೆ ಪೆಟ್ರೋಲ್ ಆವಿಯಾಗಿ ಸ್ವಲ್ಪ ಜಾಗ ತುಂಬುತ್ತದೆ, ಸ್ವಲ್ಪ ಹೆಚ್ಚು ಓಡುತ್ತದೆ. ಅರ್ಧ ಗಂಟೆ ಬಿಟ್ಟರೆ ಸಂದಿಯಿಂದ ಗಾಳಿ ಮೆಲ್ಲಗೆ ಒಳಗೆ ಸೋರುತ್ತದೆ, ಮತ್ತೆ ಹೊರಡುತ್ತದೆ. ಹೀಗೆ ಹೇಳುತ್ತ ಮುಚ್ಚಳವನ್ನು ಬೆಳಕಿಗೆ ತಿರುಗಿಸಿದರು. ತೂತು ಇರಬೇಕಾದ ಜಾಗದಲ್ಲಿ ನಳದ ಸೋರಿಕೆಗೆ ಹಚ್ಚುವ ಬೂದು ಬಣ್ಣದ ಅಂಟು ಇತ್ತು. ಒಳಗೆ ಸೈಕಲ್ ಟ್ಯೂಬು ಕತ್ತರಿಸಿ ದುಂಡಗೆ ಕೂಡಿಸಿದ ಹೊಸ ವಾಷರು ಇತ್ತು.

ಮಾನವಮಿಯ ದಿನ ಆ ತೂತಿನಲ್ಲಿ ಕಲ್ಲಿನ ಧೂಳು ಕುಳಿತದ್ದನ್ನು ನೋಡಿದವಳು ನಾನೇ. ಧೂಳು ಪೆಟ್ರೋಲಿಗೆ ಬೀಳುತ್ತದಲ್ಲ ಎಂದು ಅಂಟು ಕಲಸಿ, ಉಗುರಿನಿಂದ ನಯ ಮಾಡಿ, ಮುಚ್ಚಿದವಳು ನಾನೇ. ವಾಷರು ಸಡಿಲಾಗಿತ್ತೆಂದು ಟ್ಯೂಬು ಅಳೆದು ಕತ್ತರಿಸಿದ್ದೂ ನಾನೇ.

ಅಪ್ಪ ಮುಚ್ಚಳ ನೋಡಿ ಕೆಂಪಾದ. ಇದು ಇಳಕಲ್ಲಿನ ಆ ಮಿಸ್ತ್ರಿಗಳ ಕೆಲಸ, ಮೇಲಿಂದ ಮೇಲೆ ನಾವು ಅವರ ಹತ್ತಿರ ಹೋಗಲೆಂದು ಮಾಡಿದ್ದು, ಇವತ್ತೇ ಹೋಗಿ ನಾಲ್ಕು ಜನರ ಮುಂದೆ ಕೇಳುತ್ತೇನೆ ಎಂದ. ಅಪ್ಪ ಅಂದರೆ ಮಾಡುವವನೇ. ನಾನು ಪಾಟಿ ತೆಗೆದುಕೊಂಡು ಬರೆದೆ. 'ಮುಚ್ಚಿದ್ದು ನಾನು. ಧೂಳಿಗೆ.' ಅಯೂಬ ಮಿಸ್ತ್ರಿ ಓದಿದರು. ನನ್ನ ಮುಖ ನೋಡಲಿಲ್ಲ. ಅಂಗಿಯ ತೋಳಿನಿಂದ ಪಾಟಿ ಒರೆಸಿ ಮತ್ತೆ ಬಗಲಲ್ಲಿಟ್ಟುಕೊಂಡರು.

"ಯಾರ ಮನಿ ಮುಂದೂ ಹೋಗಬ್ಯಾಡ ಪಾಂಡಪ್ಪ," ಎಂದರು. "ಕೆಡಸಬೇಕು ಅಂತ ಮುಚ್ಚಿದ್ದಲ್ಲ ಇದು. ಕೆಡಸವರು ಇಷ್ಟು ಚೊಕ್ಕ ಮಾಡಂಗಿಲ್ಲ. ವಾಷರ್ ನೋಡು, ಅಂಗಡ್ಯಾಗಿಂದ ತಂದಂಗೈತಿ. ತೂತು ಯಾಕೈತಿ ಅಂತ ಒಂದ್ ಮಾತು ಕೇಳಿಲ್ಲ, ಅಷ್ಟ."

ಆಮೇಲೆ ಸಣ್ಣ ಪಿನ್ನಿನಿಂದ ಅಂಟನ್ನು ಕೊರೆಯುತ್ತ ತಮ್ಮದೊಂದು ಸಂಗತಿ ಹೇಳಿದರು. ಶೆಡ್ಡು ಹಾಕಿದ ಹೊಸದರಲ್ಲಿ ಬೇವೂರಿನ ಒಬ್ಬರ ಜೀಪು ಬಂದಿತ್ತಂತೆ, ಚಾಲೂ ಆಗಿ ನಿಲ್ಲುತ್ತಿತ್ತಂತೆ. ಕಿವುಡನೆಂದು ಆಡಿಕೊಂಡವರಿಗೆ ತೋರಿಸಬೇಕೆಂಬ ಹಟದಲ್ಲಿ ಇವರು ಎರಡು ದಿನ ಕುಳಿತು ಪೂರ್ತಿ ಎಂಜಿನ್ ಬಿಚ್ಚಿ ಜೋಡಿಸಿದರು. ಮತ್ತೂ ನಿಂತಿತು. ಕಡೆಗೆ ಜೀಪಿನವರ ನಾಲ್ಕು ವರ್ಷದ ಮಗಳು ಹಿಂದೆ ಹೋಗಿ ಹೊಗೆ ಬರುವ ಕೊಳವೆಯಿಂದ ಜೋಳದ ದಂಟು ಎಳೆದು ಆಟಕ್ಕೆ ಕುಳಿತಳು. ತುರುಕಿದ್ದೂ ಅವಳೇ. ಆ ದಿನ ಸಂಜೆ ಮನೆಗೆ ಹೋಗಿ ಫರಹಾನಾಳ ಪಾಟಿ ತಂದು ಮರಕ್ಕೆ ತೂಗುಹಾಕಿದರಂತೆ. ಅಂದಿನಿಂದ ಮನೆಯವರನ್ನೆಲ್ಲ, ಮಕ್ಕಳನ್ನೂ, ಕೇಳದೆ ಅವರು ಪಾನಾ ಮುಟ್ಟುವುದಿಲ್ಲ.

ಹೀಗೆ ತಮ್ಮ ತಪ್ಪನ್ನು ಹೊರಗೆ ಇಟ್ಟು ನನ್ನ ತಪ್ಪನ್ನು ಮುಚ್ಚಿದರು. ಆದರೆ ಅದನ್ನು ಹಾಗೆಯೇ ಬಿಡಲು ನನಗೆ ಆಗಲಿಲ್ಲ. ಇಳಕಲ್ಲು ಎರಡು ಮೈಲಿ ಇರುವಾಗ ಅಪ್ಪನಿಗೆ ಬಾಯಿಬಿಟ್ಟು ಹೇಳಿದೆ.

"ನನ್ನ ಊಟದ ಡಬ್ಬಿ ಸಾರು ಸೋರಾಕತ್ತಿ ಎರಡು ವರ್ಷಾತು," ಎಂದ ಅಪ್ಪ. "ಅದಕ್ಕೊಂದು ಇಂಥಾ ವಾಷರ್ ಹಾಕಬೇಕಂತ ನಿನಗ ತಿಳೀಲಿಲ್ಲ."

ಗುರುವಾರ ಗುರುರಾಜ ಅವರು ಬಂದು ಅಪ್ಪನ ಪಕ್ಕ ಕುಳಿತರು. ಟ್ಯಾಂಕು ತುಂಬಿತ್ತು, ಚಳಿಯೂ ಇತ್ತು. ಒಂಬತ್ತನೆಯ ಕಿಲೋಮೀಟರಿನಲ್ಲಿ ನಾನು ಅಕ್ಕೋರ ಕೈ ಹಿಡಿದುಕೊಂಡೆ. ದಾಟಿತು. ಹುನಗುಂದದಲ್ಲಿ ಅಯೂಬ ಮಿಸ್ತ್ರಿ ಮರದ ಕೆಳಗೆ ನಿಂತಿದ್ದರು. ಕಾರು ಕಂಡು ಕೈ ಎತ್ತಿದರು, ಅಪ್ಪ ಹಾರ್ನ್ ಹೊಡೆದ. ಅವರಿಗೆ ಕೇಳಿಸುವುದಿಲ್ಲ ಎಂಬುದು ಅವನಿಗೆ ಮರೆತುಹೋಗಿತ್ತು. ಅಮೀನಗಡ, ಶಿರೂರು ದಾಟಿ ಏಳೂವರೆಗೆ ಬಾಗಲಕೋಟೆ ಮುಟ್ಟಿದೆವು. ಬೇರೆ ಗಾಡಿಯ ಮಾತನ್ನು ಗುರುರಾಜ ಅವರು ಎತ್ತಲಿಲ್ಲ. ಇಳಿಯುವಾಗ, ಮುಂದಿನ ಸೋಮವಾರ ಇದೇ ಹೊತ್ತಿಗೆ ಬರ್ರಿ ಎಂದು ಅಪ್ಪನಿಗೆ ಹೇಳಿದರು.

ಡಯಾಲಿಸಿಸ್‌ಗೆ ಮಲಗಿದ್ದಾಗ ಅಕ್ಕೋರು ನನ್ನ ವಹಿ ಕೇಳಿದರು. "ಏನೇನು ಬರದೀ ನೋಡೋಣ ತಾ. ಎಲ್ಲಾರೂ ಹೊಗಳ್ಲಿಕ್ಕೆ ಹತ್ಯಾರ." ಸೂಜಿ ಇಲ್ಲದ ಕೈಯಿಂದ ಪೆನ್ನು ಹಿಡಿದು ಎರಡು ಒತ್ತಕ್ಷರ ತಿದ್ದಿದರು. ಉಳಿದ ಪುಟಗಳಿಗೆ ಸರಿ ಗುರುತು ಹಾಕಿದರು.

ಅಯೂಬ ಮಿಸ್ತ್ರಿಯವರು ಗಾಡಿ ತಂದವರನ್ನು ಕೇಳುವುದು ಒಟ್ಟು ಆರು ಪ್ರಶ್ನೆ. ಅವನ್ನು ಒಂದು ಕಡೆ ಬರೆದು ಶೆಡ್ಡಿನಲ್ಲಿ ಹಚ್ಚಿದರೆ ಬಂದವರು ಓದಿಕೊಂಡು ಉತ್ತರ ತಯಾರು ಮಾಡಿಕೊಳ್ಳುತ್ತಾರೆ, ನೀನೇ ಬರೆದುಕೊಡು ಎಂದು ನನಗೆ ಹೇಳಿದ್ದಾರೆ. ನನ್ನ ಅಕ್ಷರ ನೋಡಿಯೂ ಹೇಳಿದ್ದಾರೆ. ಈ ಭಾನುವಾರ ಬಿಳಿ ರಟ್ಟಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು ಆ ಆರು ಪ್ರಶ್ನೆಗಳನ್ನು ದೊಡ್ಡದಾಗಿ ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ಹುನಗುಂದದಲ್ಲಿ ಕಾರು ನಿಲ್ಲಿಸಿ, ಇಳಿದು, ಅವರ ಕೈಗೆ ಕೊಟ್ಟು ಆಸ್ಪತ್ರೆಗೆ ಹೋಗುತ್ತೇನೆ.